ರಾಯಚೂರಿನ ಕೆ-ಸೆಟ್ ಸಮಾಜಶಾಸ್ತ್ರ ಬ್ಯಾಚ್: ಸಂಘರ್ಷ ಸಿದ್ಧಾಂತ ಹೆಂಗ ಕಲಿಸಿದ್ರು, ಎಲ್ಲಿ ಕೈ ಬಿಟ್ರು

ಸ್ಟೇಷನ್ ರೋಡ್ ಕಡೆ ನಡಿಯೋ ಒಂದು ಕೋಚಿಂಗ್ ಸೆಂಟರ್‌ನ್ಯಾಗ ಕೆ-ಸೆಟ್ (ಕರ್ನಾಟಕದಾಗ ಸಹಾಯಕ ಪ್ರಾಧ್ಯಾಪಕ ಆಗಾಕ ಬರಿಯೋ ಅರ್ಹತಾ ಪರೀಕ್ಷೆ) ಸಮಾಜಶಾಸ್ತ್ರದ ವೀಕೆಂಡ್ ಬ್ಯಾಚ್ ಮುಗಿಸೀನಿ, ಅದರ ಬಗ್ಗೆ ಈ ರಿವ್ಯೂ. ಸೆಂಟರ್ ಹೆಸರು ಹಾಕಂಗಿಲ್ಲ, ಯಾಕಂದ್ರ ಒಂದೆರಡು ದೂರು ಬರೀಬೇಕಾಗೈತಿ, ಮತ್ತ ಈ ದೂರು ಅದೊಂದೇ ಸೆಂಟರ್‌ದು ಅಲ್ಲ, ನಮ್ಮ ಕಡೆ ಕನ್ನಡ ಮೀಡಿಯಂ ಕೋಚಿಂಗ್‌ಗೆ ಹೋಗಿ ಬಂದ ಗೆಳೆಯರು ಎಲ್ಲಾರೂ ಹೆಚ್ಚುಕಮ್ಮಿ ಇದನ್ನ ಹೇಳ್ತಾರ. ಪೂರ್ತಿ ಸಿಲೆಬಸ್ ಹಿಡಕೊಂಡು ಬರೀಲಿಕ್ಕೆ ಕುಂತ್ರ ಮುಗಿಯಂಗಿಲ್ಲ, ಅದಕ್ಕ ಸಂಘರ್ಷ ಸಿದ್ಧಾಂತದ (ಗುಂಪುಗಳ ನಡುವಿನ ಜಗಳದಿಂದನ ಸಮಾಜ ನಡೀತದ, ಬದಲಾಗ್ತದ ಅನ್ನೋ ವಿಚಾರ) ಭಾಗ ಒಂದನ್ನ ತಗೊಂಡೀನಿ, ಅನ್ನ ಬೆಂದೈತೋ ಇಲ್ಲೋ ನೋಡಾಕ ಒಂದು ಅಗಳು ಹಿಚುಕಿದ್ರ ಸಾಕು.

ಮೊದಲು ವ್ಯವಸ್ಥೆ ಬಗ್ಗೆ ಹೇಳಿಬಿಡ್ತೀನಿ. ಫೀಸ್ 8,500, ನೋಟ್ಸ್ ಸೇರಿ. ಕ್ಲಾಸು ಶನಿವಾರ ಮಧ್ಯಾಹ್ನ, ಆಯಿತವಾರ ಪೂರ್ತಿ ದಿನ. ಜೆರಾಕ್ಸ್ ಅಂಗಡಿ ಮ್ಯಾಲಿನ ಹಾಲು, ಬಿಸಲಾಗ ತಗಡು ಕಾದು ಏಪ್ರಿಲ್ ಮೇ ತಿಂಗಳು ಕುಂದ್ರೋದು ಕಷ್ಟ, ಕುಡಿಯೋ ನೀರು ಮಾತ್ರ ತಪ್ಪದ ಇಡ್ತಾರ. ಬರೋರು ಬಾಳಷ್ಟು ಮಂದಿ ಅತಿಥಿ ಉಪನ್ಯಾಸಕರು, ಎಂಎ ಮುಗಿಸಿ ಮನ್ಯಾಗ ಇರೋರು, ಮಾನ್ವಿ, ಸಿಂಧನೂರು, ದೇವದುರ್ಗ, ಲಿಂಗಸುಗೂರಿನಿಂದ ಬಸ್ಸಿಗೆ ಬಂದು ಹೋಗ್ತಾರ. ಪರೀಕ್ಷೆ ಗೊತ್ತಿರಬೇಕು, ಪೇಪರ್ ಒಂದರಾಗ 50 ಪ್ರಶ್ನಿ, ಎರಡರಾಗ 100, ಒಂದೊಂದಕ್ಕ 2 ಮಾರ್ಕ್ಸ್, ನೆಗೆಟಿವ್ ಇಲ್ಲ. ಹಂಗಾಗಿ ಕೋಚಿಂಗ್‌ನೋರು ಎಲ್ಲಾ ವಿಷಯನೂ ಯಾರು, ಯಾವ ಪುಸ್ತಕ, ಯಾವ ಇಸ್ವಿ ಅಂತ ಮಾಡಿಬಿಡ್ತಾರ, ಅದರಿಂದ ಮಾರ್ಕ್ಸ್ ಬರ್ತಾವ, ಸುಳ್ಳಲ್ಲ. ಆದರ ನಾವು ನಾಳೆ ಡಿಗ್ರಿ ಕಾಲೇಜಿನಾಗ ನಿಂತು ಪಾಠ ಮಾಡೋರು, ಬರೇ ಇಸ್ವಿ ಹೇಳಿ ಬರಾಕ ಆಗಂಗಿಲ್ಲ.

ಕಾರ್ಲ್ ಮಾರ್ಕ್ಸ್ ಕ್ಲಾಸ್ ತಗೊಂಡೋರು ರಿಟೈರ್ಡ್ ಲೆಕ್ಚರರ್ ಒಬ್ಬರು. ಈ ಒಂದು ಕ್ಲಾಸಿಗೆ ನಾನು ಐದಕ್ಕ ಐದು ಸ್ಟಾರ್ ಕೊಡ್ತೀನಿ. ಅವರು 1848ರ ಕಮ್ಯುನಿಸ್ಟ್ ಮ್ಯಾನಿಫೆಸ್ಟೋ, 1867ರ ದಾಸ್ ಕ್ಯಾಪಿಟಲ್ ಮೊದಲನೇ ಸಂಪುಟ ಅಂತ ಬೋರ್ಡಿನ ಮೂಲ್ಯಾಗ ಬರದು ಅದನ್ನ ಅಲ್ಲಿಗೇ ಬಿಟ್ರು, ಆಮ್ಯಾಲ ಸೀದಾ ನಮ್ಮೂರ ಮಾರ್ಕೆಟ್ಟು ರಾಜೇಂದ್ರ ಗಂಜಿಗೆ ಬಂದ್ರು. ಕ್ಲಾಸಿನ್ಯಾಗ ಒಬ್ಬ ಹುಡುಗ ಇದ್ದ, ಅವರಪ್ಪ ಗಂಜಿನ್ಯಾಗ ಹಮಾಲಿ. ಸರ್ ಅವನ್ನ ಕೇಳಿದ್ರು, ತಮ್ಮಾ, ನಿಮ್ಮಪ್ಪಗ ದಿನಕ್ಕ ಕೂಲಿನೋ ಚೀಲಕ್ಕ ಕೂಲಿನೋ ಅಂತ. ಚೀಲಕ್ಕ ಸರ್ ಅಂದ. ಹಂಗಾದ್ರ ಮಳಿ ಬಂದು ಮಾಲು ಬರದ ದಿನ? ಏನೂ ಇಲ್ಲ ಸರ್. ಮಾಲು ಬಂದು ರೇಟ್ ಏರಿದ ದಿನ? ಅವತ್ತೂ ಅಷ್ಟ ಸರ್, ಚೀಲದ ರೇಟ್ ಅಷ್ಟ. ಸರ್ ಅಲ್ಲಿಂದ ಹಿಡಕೊಂಡು ಹೆಚ್ಚುವರಿ ಮೌಲ್ಯ (ದುಡಿಮಿ ಹುಟ್ಟಿಸಿದ ಬೆಲೆಯಾಗ ಕೂಲಿ ಕಳೆದು ಮಾಲಕನಿಗೆ ಉಳಿಯೋದು) ಅಂದ್ರ ಏನು, ಹೊಲ, ಯಂತ್ರ, ಬಂಡವಾಳದಂಥ ಉತ್ಪಾದನಾ ಸಾಧನ ಯಾರ ಕೈಯಾಗ ಐತಿ, ದುಡಿಮಿ ಮಾರೋನಿಗೂ ದುಡಿಮಿ ಕೊಳ್ಳೋನಿಗೂ ಚೌಕಾಸಿ ಶಕ್ತಿ ಯಾಕ ಸಮ ಇರಂಗಿಲ್ಲ ಅಂತ ಬಿಡಿಸಿ ಹೇಳಿದ್ರು. ಅದೇ ಹಮಾಲರು ಒಬ್ಬೊಬ್ಬರಾಗಿ ಚೀಲ ಹೊರೋವಾಗ ಬರೇ ಒಂದು ವರ್ಗ, ಸಂಘ ಕಟ್ಟಿ ರೇಟ್ ಕೇಳಾಕ ನಿಂತಾಗ ತಮ್ಮನ್ನ ತಾವು ವರ್ಗ ಅಂತ ತಿಳಕೊಂಡ ವರ್ಗ, ಈ ವ್ಯತ್ಯಾಸ ಅಷ್ಟು ಚಂದ ಯಾರೂ ಹೇಳಿದ್ದಿಲ್ಲ ನನಗ.

ಈ ಸಿದ್ಧಾಂತದ ದೊಡ್ಡ ಶಕ್ತಿ ಇಲ್ಲೇ ಐತಿ ಅಂತ ನನಗ ಅನಿಸ್ತದ. ಅಮೆರಿಕದ ಸಮಾಜಶಾಸ್ತ್ರಜ್ಞ ಟಾಲ್ಕಟ್ ಪಾರ್ಸನ್ಸ್ ಥರ ಸಮಾಜ ಅಂದ್ರ ಎಲ್ಲಾ ಅಂಗ ಕೂಡಿ ಸಮತೋಲನದಾಗ ನಡಿಯೋ ವ್ಯವಸ್ಥೆ, ಎಲ್ಲಾರಿಗೂ ಒಪ್ಪಿಗೆ ಇರೋ ಮೌಲ್ಯ ಅದನ್ನ ಹಿಡಿದಿಟ್ಟೈತಿ ಅಂತ ಶುರು ಮಾಡಿದ್ರ, ಗಂಜಿನ್ಯಾಗ ಚೀಲದ ರೇಟ್ ಯಾರು ಇಟ್ರು ಅನ್ನೋ ಪ್ರಶ್ನಿನೇ ಏಳಂಗಿಲ್ಲ. ಸಂಘರ್ಷ ಸಿದ್ಧಾಂತ ಮೊದಲನೇ ಕ್ಷಣಕ್ಕ ಇದರಿಂದ ಲಾಭ ಯಾರಿಗೆ ಅಂತ ಕೇಳ್ತದ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಡೇವಿಸ್ ಮತ್ತ ಮೂರ್ 1945ರಾಗ ಅಸಮಾನತೆ ಸಮಾಜಕ್ಕ ಬೇಕು, ಮುಖ್ಯ ಕೆಲಸಕ್ಕ ಯೋಗ್ಯರು ಬರಲಿ ಅಂತ ಹೆಚ್ಚು ಪ್ರತಿಫಲ ಇರ್ತದ ಅಂದಿದ್ರು, ಅಲ್ಲಿನವನೇ ಟ್ಯೂಮಿನ್ 1953ರಾಗ ಅದನ್ನ ಹಿಡಿದು ಪ್ರಶ್ನಿ ಮಾಡಿದ, ಮುಖ್ಯ ಕೆಲಸ ಯಾವುದು ಅಂತ ತೀರ್ಮಾನ ಮಾಡೋರು ಯಾರು, ಯೋಗ್ಯತೆ ಗಳಿಸೋ ಅವಕಾಶನೇ ಎಲ್ಲಾರಿಗೆ ಸಿಗದಿದ್ರ ಹೆಂಗ ಅಂತ. ರಾಯಚೂರು ಕೊಪ್ಪಳದ ಹುಡುಗರಿಗೆ ಈ ಪ್ರಶ್ನಿ ಹೊಸದಲ್ಲ. ನಮ್ಮ ಭಾಗಕ್ಕ ವಿಶೇಷ ಸ್ಥಾನ ಕೊಡೋ 371ಜೆ ಕಲಂ ಬರಾಕ ಸಂವಿಧಾನದ 98ನೇ ತಿದ್ದುಪಡಿ ಆಗಬೇಕಾತು, ಅದಕ್ಕ ಎಷ್ಟು ವರ್ಷ ಹೋರಾಟ ನಡೀತು ಅಂತ ನಮ್ಮ ಹಿರಿಯರಿಗೆ ಗೊತ್ತೈತಿ, ಕೇಳದ ಯಾರೂ ಕೊಟ್ಟಿಲ್ಲ. ಬದಲಾವಣಿ ಎಲ್ಲಿಂದ ಬರ್ತದ ಅನ್ನೋದಕ್ಕ ಈ ಸಿದ್ಧಾಂತ ಕೊಡೋ ಉತ್ತರ ಬ್ಯಾರೆ ಯಾವ ಸಿದ್ಧಾಂತನೂ ಇಷ್ಟು ನೇರವಾಗಿ ಕೊಡಂಗಿಲ್ಲ.

ಸಮಸ್ಯೆ ಶುರುವಾಗಿದ್ದು ಮುಂದಿನ ವಾರ. ಆ ಸರ್ ಬರಲಿಲ್ಲ, ಬ್ಯಾರೆ ಒಬ್ಬರು ಬಂದ್ರು, ಕಾರಣ ಯಾರೂ ಹೇಳಲಿಲ್ಲ. ಇವರು ಪಿಪಿಟಿ ಹಾಕಿ ಗುಣಗಳು ಐದು, ದೋಷಗಳು ಐದು ಅಂತ ಓದಿದ್ರು. ದೋಷಗಳಾಗ ಸ್ಥಿರತೆಯನ್ನು ಕಡೆಗಣಿಸುತ್ತದೆ, ಆರ್ಥಿಕ ಅಂಶಕ್ಕೆ ಅತಿ ಒತ್ತು, ಸಹಕಾರವನ್ನು ಮರೆಯುತ್ತದೆ, ಹಿಂಗ ಒಂದೊಂದು ಸಾಲು. ತಪ್ಪೇನಿಲ್ಲ, ಎಲ್ಲಾ ಸರಿನೇ ಐತಿ, ಆದರ ಆ ಸಾಲು ಯಾಕ ಸರಿ ಅಂತ ತಿಳಿಸೋ ಒಂದು ಉದಾಹರಣಿ ಇಲ್ಲ. ಆಗ ಸಿರವಾರ ಕಡೆಯ ಒಬ್ಬಾಕಿ ಎದ್ದು ನಿಂತು ಕೇಳಿದಳು, ಸರ್, ನಮ್ಮದು ಎಡದಂಡೆ ಕೆನಾಲಿನ ಕೊನೆಭಾಗ, ಮ್ಯಾಲಿನೋರು ಗದ್ದಿ ಮಾಡಿ ನೀರು ಖಾಲಿ ಮಾಡ್ತಾರ, ನಮಗ ಹತ್ತಿಗೂ ಬರಂಗಿಲ್ಲ, ಇದು ವರ್ಗ ಸಂಘರ್ಷ ಹೌದೋ ಅಲ್ಲೋ? ಅವರೂ ಹೊಲದ ಮಾಲಕರು, ನಾವೂ ಮಾಲಕರು ಅಲ್ರಿ?

ಎಷ್ಟು ಛಲೋ ಪ್ರಶ್ನಿ ನೋಡ್ರಿ. ಸರ್ ಅದಕ್ಕ, ಹೌದಮ್ಮ ಅದೂ ಒಂದು ಸಂಘರ್ಷನೇ, ಸಿಲೆಬಸ್ ಬಾಳ ಐತಿ ಮುಂದ ಹೋಗೋಣ ಅಂದು ಮುಂದಿನ ಸ್ಲೈಡಿಗೆ ಹೋದ್ರು. ನನಗ ಹೊಟ್ಟಿ ಉರೀತು. ಸಂಘರ್ಷ ಸಿದ್ಧಾಂತದ ಮಿತಿ ಎಲ್ಲಿ ಅನ್ನೋದಕ್ಕ ಅದಕ್ಕಿಂತ ದೊಡ್ಡ ಪಾಠ ಇಡೀ ಜಿಲ್ಲೆದಾಗ ಸಿಗಂಗಿಲ್ಲ.

ಅವರು ಹೇಳದ್ದನ್ನ ನಾನು ಇಲ್ಲಿ ಬರೀತೀನಿ, ಮುಂದ ಬ್ಯಾಚ್ ಸೇರೋರಿಗೆ ಉಪಯೋಗ ಆಗ್ತದ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊಂಟು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರು ಮುಟ್ಟತನಕ 227 ಕಿಲೋಮೀಟರ್. ಯೋಜನಾ ಮಾಡೋವಾಗ ಹೆಚ್ಚಿನ ಕಡೆ ಜೋಳ, ಹತ್ತಿ, ಶೇಂಗಾ ಥರದ ಅರೆನೀರಾವರಿ ಬೆಳಿ ಅಂತ ಲೆಕ್ಕ ಹಾಕಿದ್ರು, ಕಮ್ಮಿ ನೀರು ಬಾಳ ಮಂದಿಗೆ ಹಂಚೋ ಲೆಕ್ಕ. 1953ರಿಂದ ನೀರು ಬರಾಕ ಹತ್ತಿದ ಮ್ಯಾಲ ಆಂಧ್ರದ ಕಡೆಯಿಂದ ರೈತರು ಬಂದು ಹೊಲ ಕೊಂಡು ಕ್ಯಾಂಪ್ ಮಾಡಿಕೊಂಡು ಭತ್ತ ಹಚ್ಚಿದ್ರು, ನಮ್ಮ ರೈತರೂ ಅವರನ್ನ ನೋಡಿ ಕಲಿತ್ರು, ಮ್ಯಾಲಿನ ಭಾಗ ಪೂರ್ತಿ ಗದ್ದಿ ಆತು. ಕೊನೆಭಾಗಕ್ಕ ಗೇಜ್, ಅಂದ್ರ ಕೆನಾಲಿನ ನೀರಿನ ಮಟ್ಟ, ನಿಲ್ಲವಲ್ದು. ಪ್ರತಿ ಸಲ ಮಾನ್ವಿ, ಸಿರವಾರ ಕಡೆ ರೈತರು ರಸ್ತೆ ತಡಿ ಮಾಡ್ತಾರ, ಪೊಲೀಸರನ್ನ ಕೆನಾಲ್ ಮ್ಯಾಲ ನಿಲ್ಲಿಸ್ತಾರ.

ಈಗ ಇದಕ್ಕ ಮಾರ್ಕ್ಸ್ ಹಚ್ಚಿ ನೋಡ್ರಿ. ಮ್ಯಾಲಿನ ರೈತನೂ ಭೂಮಾಲಕ, ಕೆಳಗಿನ ರೈತನೂ ಭೂಮಾಲಕ, ಇಬ್ಬರೂ ಉತ್ಪಾದನಾ ಸಾಧನ ಇರೋರ ಕಡೆ ಬರ್ತಾರ, ಜಗಳ ಮಾತ್ರ ಇವರಿಬ್ಬರ ನಡುವನ. ಇದರ ಜೊತಿಗೆ ಕೊನೆಭಾಗದಾಗ ಹತ್ತು ಎಕರೆ ಇರೋನು ನೀರು ಬರದ ವರ್ಷ ಹೆಂಡತಿ ಮಕ್ಕಳನ್ನ ಕರಕೊಂಡು ಬೆಂಗಳೂರಿಗೆ ಗುಳೆ ಹೋಗಿ ಬಿಲ್ಡಿಂಗ್ ಕೆಲಸ ಮಾಡ್ತಾನ, ಊರಾಗ ಮಾಲಕ, ಬೆಂಗಳೂರಾಗ ಕೂಲಿ, ಒಂದೇ ವರ್ಷದಾಗ ಎರಡು ವರ್ಗ. ಮಾಲಕ ಕಾರ್ಮಿಕ ಅನ್ನೋ ಎರಡೇ ಖಾನೆ ಇಟ್ಟುಕೊಂಡು ಹೊಂಟ್ರ ಇಂಥ ಮನುಷ್ಯನ್ನ ಎಲ್ಲಿ ಕುಂದ್ರಿಸ್ತೀರಿ? ಆರ್ಥಿಕ ಅಂಶಕ್ಕ ಅತಿ ಒತ್ತು ಅನ್ನೋ ಆ ಒಂದು ಸಾಲಿನ ಅರ್ಥ ಇದು.

ಜರ್ಮನಿಯ ಸಮಾಜಶಾಸ್ತ್ರಜ್ಞ ರಾಲ್ಫ್ ಡಹ್ರೆನ್‌ಡಾರ್ಫ್ ಇಲ್ಲಿ ಕೈ ಹಿಡೀತಾನ. ಅವನ ಪುಸ್ತಕ ಜರ್ಮನ್ ಭಾಷೆದಾಗ 1957ಕ್ಕ, ಇಂಗ್ಲಿಷ್‌ನ್ಯಾಗ 1959ಕ್ಕ ಬಂತು. ಅವನ ವಾದ ಏನಂದ್ರ ದೊಡ್ಡ ಕಂಪನಿಗಳಾಗ ಶೇರ್ ಇರೋರು ಬ್ಯಾರೆ, ನಡಸೋ ಮ್ಯಾನೇಜರ್ ಬ್ಯಾರೆ ಆಗಿಬಿಟ್ಟಾರ, ಹಂಗಾಗಿ ಆಸ್ತಿಗಿಂತ ಅಧಿಕಾರ ನೋಡಬೇಕು, ಯಾವ ಸಂಸ್ಥೆ ತಗೊಂಡ್ರೂ ಆಜ್ಞೆ ಮಾಡೋರು, ಆಜ್ಞೆ ಪಾಲಿಸೋರು ಅಂತ ಎರಡು ಕಡೆ ಇರ್ತದ, ಸಂಘರ್ಷ ಅಲ್ಲಿಂದ ಹುಟ್ತದ, ಒಂದು ಕಡೆ ಮ್ಯಾಲ ಇರೋನು ಇನ್ನೊಂದು ಕಡೆ ಕೆಳಗ ಇರಬಹುದು. ಕೆನಾಲಿಗೆ ಬರ್ರಿ. ಯಾವ ತಾರೀಖಿಗೆ ಎಷ್ಟು ನೀರು ಬಿಡಬೇಕು ಅಂತ ತೀರ್ಮಾನ ಆಗೋದು ನೀರಾವರಿ ಸಲಹಾ ಸಮಿತಿ ಅಂದ್ರ ಐಸಿಸಿ ಮೀಟಿಂಗಿನ್ಯಾಗ, ಮಂತ್ರಿಗಳು, ಶಾಸಕರು, ಎಂಜಿನಿಯರು ಕುಂತಿರ್ತಾರ. ತೂಬು ಕಾಯೋನು ಗ್ಯಾಂಗ್‌ಮನ್, ಅವನಿಗೆ ಹೊಲನೂ ಇಲ್ಲ, ಗುತ್ತಿಗೆ ಪಗಾರ, ಅದೂ ತಿಂಗಳಾನುಗಟ್ಟಲೆ ಬರಂಗಿಲ್ಲ ಅಂತ ಅವರೇ ಧರಣಿ ಕುಂದ್ರತಾರ. ಗೇಟಿನ ಮುಂದ ಅವನೇ ಸರ್ಕಾರ, ಆಫೀಸಿನ ಮುಂದ ಅವನೇ ಕೈ ಮುಗಿದು ನಿಂತೋನು. ಇದನ್ನ ಡಹ್ರೆನ್‌ಡಾರ್ಫ್ ಹಿಡೀತಾನ, ಮಾರ್ಕ್ಸ್‌ನ ಎರಡು ಖಾನೆಯಾಗ ಇದು ಸಿಗಂಗಿಲ್ಲ.

ಆದರ ಪೂರ್ತಿ ಅವನಿಗೂ ಸಿಗಂಗಿಲ್ಲ, ಇದು ನಾನು ನಮ್ಮ ಕಡೆ ನೋಡಿ ಹೇಳೋ ಮಾತು. ಮ್ಯಾಲಿನ ರೈತನಿಗೆ ಕೆಳಗಿನ ರೈತನ ಮ್ಯಾಲ ಯಾವ ಅಧಿಕಾರನೂ ಇಲ್ಲ, ಆಜ್ಞೆ ಮಾಡಂಗಿಲ್ಲ, ಮುಖ ಸುದ್ದಾ ನೋಡಿರಂಗಿಲ್ಲ. ನೀರು ಮೊದಲು ಅವನ ಹೊಲದ ಮುಂದ ಹಾಯ್ತದ, ಅಷ್ಟ. ಜಾಗದಿಂದ ಬರೋ ಈ ಬಲಕ್ಕ ಆಸ್ತಿ ಅಂತನೂ ಹೆಸರಿಡಾಕ ಆಗಂಗಿಲ್ಲ, ಅಧಿಕಾರ ಅಂತನೂ ಆಗಂಗಿಲ್ಲ. ಕ್ಲಾಸಿನ್ಯಾಗ ಆ ಹುಡುಗಿಯ ಪ್ರಶ್ನಿ ಮ್ಯಾಲ ಅರ್ಧ ತಾಸು ಮಾತಾಡಿದ್ರ ಇವೆಲ್ಲಾ ಬರ್ತಿದ್ವು, ಎಲ್ಲಾರಿಗೂ ಜೀವನಪೂರ್ತಿ ನೆನಪಿರ್ತಿತ್ತು.

ಸಹಕಾರದ ಮಾತಿಗೂ ದೂರ ಹೋಗಬೇಕಿದ್ದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟಿನ್ಯಾಗ 19ನೇದು ಕೊಚ್ಚಿ ಹೋತಲ್ಲ, ಆ ಒಂದು ವಾರ ಗಂಗಾವತಿ ರೈತ ಬ್ಯಾರೆ ಮಾನ್ವಿ ರೈತ ಬ್ಯಾರೆ ಅನ್ನೋ ಮಾತೇ ಇದ್ದಿಲ್ಲ, ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ಕಡೆಯೋರು ಹರಿಯೋ ನೀರಾಗನ ಸ್ಟಾಪ್‌ಲಾಗ್ (ಗೇಟಿನ ಬದಲಿ ಇಳಿಸೋ ಉಕ್ಕಿನ ಹಲಗಿ) ಇಳಿಸೋ ಕೆಲಸ ಕಣ್ಣು ಮಿಟುಕಿಸದ ನೋಡ್ತಿದ್ರು. ಸಮಾಜಶಾಸ್ತ್ರಜ್ಞ ಲೂಯಿಸ್ ಕೋಸರ್ 1956ರಾಗ ಸಂಘರ್ಷದ ಬಗ್ಗೆ ಬರದ ಪುಸ್ತಕದಾಗ ಹೊರಗಿನ ಅಪಾಯ ಒಳಗಿನ ಗುಂಪನ್ನ ಗಟ್ಟಿ ಮಾಡ್ತದ ಅಂತ ಜರ್ಮನಿಯ ಹಿಂದಿನ ಚಿಂತಕ ಜಾರ್ಜ್ ಸಿಮೆಲ್ ವಿಚಾರ ಹಿಡಕೊಂಡು ಹೇಳ್ತಾನ, ಸಣ್ಣ ಸಣ್ಣ ಜಗಳ ಹೊರಗ ಬರಾಕ ದಾರಿ ಇದ್ರ ದೊಡ್ಡದು ಒಡಿಯಂಗಿಲ್ಲ ಅಂತನೂ ಹೇಳ್ತಾನ. ಅಂದ್ರ ಸಂಘರ್ಷ ಬರೇ ಮುರಿಯೋದಲ್ಲ, ಕಟ್ಟೋ ಕೆಲಸನೂ ಮಾಡ್ತದ. ಡ್ಯಾಮ್ ಉಳಿದ ಮ್ಯಾಲ ನೀರಿನ ಹಂಚಿಕಿ ಜಗಳ ಮತ್ತ ಶುರು ಆತು, ಅದೂ ಖರೇನ. ಡಹ್ರೆನ್‌ಡಾರ್ಫ್ ಸುದ್ದಾ ಸಮಾಜಕ್ಕ ಸಂಘರ್ಷ ಒಂದು ಮುಖ, ಒಮ್ಮತ ಇನ್ನೊಂದು ಮುಖ ಅಂತ ಒಪ್ಪಿಕೊಂಡಾನ.

ನನಗ ಎಲ್ಲಕ್ಕಿಂತ ಭಾರಿ ಅನಿಸೋ ದೋಷ ನೋಟ್ಸಿನ್ಯಾಗ ಇದ್ದೇ ಇಲ್ಲ. ಅದು ಏನಂದ್ರ ಈ ಸಿದ್ಧಾಂತ ಸೋಲೋದಕ್ಕ ಒಪ್ಪಂಗಿಲ್ಲ. ಕೂಲಿ ಮಂದಿ ಎದ್ದು ನಿಂತ್ರ, ನೋಡು ವರ್ಗ ಪ್ರಜ್ಞೆ ಬಂತು ಅಂತಾರ, ಸುಮ್ಮನಿದ್ರ, ಅವರದ್ದು ಮಿಥ್ಯಾ ಪ್ರಜ್ಞೆ, ಆಳೋರ ವಿಚಾರನೇ ತಮ್ಮ ವಿಚಾರ ಅಂತ ತಿಳಕೊಂಡಾರ ಅಂತಾರ. ಹಿಂಗ ಆದ್ರೂ ಸರಿ, ಹಂಗ ಆದ್ರೂ ಸರಿ ಅಂದ್ರ ತಪ್ಪು ಅಂತ ತೋರಸೋದು ಹೆಂಗ? ಇಟಲಿಯ ಮಾರ್ಕ್ಸ್‌ವಾದಿ ಗ್ರಾಮ್ಶಿ ಯಜಮಾನಿಕೆ (ಆಳೋರು ಬಲಕ್ಕಿಂತ ಒಪ್ಪಿಗೆ ಗಳಿಸಿ ಆಳೋದು) ಬಗ್ಗೆ ಬರದದ್ದು ಬಾಳ ಸೂಕ್ಷ್ಮ ಐತಿ, ನಾನು ಅದನ್ನ ತಳ್ಳಿ ಹಾಕಂಗಿಲ್ಲ. ಆದರ ಮುದಗಲ್ಲಿನ ಮೊಹರಂ ನೋಡ್ರಿ, ಲಿಂಗಸುಗೂರು ತಾಲೂಕಿನ ಸುತ್ತಲಿನ ಹಳ್ಳಿ ಮಂದಿ ಹಿಂದೂ ಮುಸ್ಲಿಂ ಅನ್ನದ ಅಲೈ ದೇವರಿಗೆ ನಡಕೊಳ್ತಾರ, ಹರಕಿ ತೀರಿಸ್ತಾರ. ಇದನ್ನ ಬರೇ ಮ್ಯಾಲಿನೋರು ಕೆಳಗಿನೋರನ್ನ ಸುಮ್ಮನಿರಿಸೋ ಉಪಾಯ ಅಂತ ಓದಿದ್ರ ಅಲ್ಲಿ ಬಂದು ನಿಂತ ಮುದುಕಿಯ ಭಕ್ತಿಗೆ ಅನ್ಯಾಯ ಮಾಡಿದಂಗ. ಧರ್ಮದ ಆಚರಣೆ ಮಂದಿಯನ್ನ ಒಂದಾಗಿ ಹಿಡಿತದ ಅಂದ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಕ್‌ಹೈಮ್ ಆ ಮುದುಕಿಯನ್ನ ಹೆಚ್ಚು ಚಂದ ಅರ್ಥ ಮಾಡಿಕೊಳ್ತಾನ. ಅಲ್ಲಿ ಸಂಘರ್ಷ ಸಿದ್ಧಾಂತ ಪಕ್ಕಕ್ಕ ಇಟ್ಟು ಅವನ ಕಡೆ ಹೋಗಬೇಕು.

ಮಾರ್ಕ್ಸ್ ಭವಿಷ್ಯ ಹೇಳಿದ್ದು ತಪ್ಪಾತು ಅನ್ನೋ ದೋಷ ಎಲ್ಲಾರಿಗೂ ಗೊತ್ತು, ಕೈಗಾರಿಕಿ ಬಾಳ ಮುಂದುವರದ ದೇಶದಾಗ ಕ್ರಾಂತಿ ಆಗ್ತದ ಅಂತಿದ್ರು, 1917ರಾಗ ಆಗಿದ್ದು ಹೆಚ್ಚಿನ ಮಂದಿ ಒಕ್ಕಲುತನ ಮಾಡ್ತಿದ್ದ ರಷ್ಯಾದಾಗ. ಇದು ನೋಟ್ಸಿನ್ಯಾಗ ಐತಿ, ಛಲೋ ಬರದಾರ.

ಜಾತಿ ಬಗ್ಗೆ ಕ್ಲಾಸ್ ತಗೊಂಡ ಮೇಡಂ ಬಗ್ಗೆ ಹೇಳಲೇಬೇಕು, ಅವರಿಗೂ ಐದು ಸ್ಟಾರ್. ಭಾರತೀಯ ಸಮಾಜದ ಯೂನಿಟ್ ಅವರದು, ಸಂಘರ್ಷ ಸಿದ್ಧಾಂತ ಅವರ ಪಾಲಿಗೆ ಇದ್ದಿಲ್ಲ, ಆದರ ಅದನ್ನ ಪೂರ್ತಿ ಮಾಡಿದೋರು ಅವರೇ. ಅಂಬೇಡ್ಕರ್ 1936ರಾಗ ಜಾತಿ ಅಂದ್ರ ಬರೇ ಶ್ರಮದ ವಿಭಜನೆ ಅಲ್ಲ, ಶ್ರಮಿಕರ ವಿಭಜನೆ ಅಂದ್ರಲ್ಲ, ಅಲ್ಲಿಂದ ಶುರು ಮಾಡಿ ಶ್ರೇಣೀಕೃತ ಅಸಮಾನತೆಗೆ ಬಂದ್ರು. ಎಲ್ಲಾರಿಗೂ ತಮಗಿಂತ ಕೆಳಗ ಒಬ್ಬ ಇರ್ತಾನ, ಹಂಗಾಗಿ ಕೆಳಗಿನೋರೆಲ್ಲಾ ಕೂಡಿ ಮ್ಯಾಲಿನೋರ ವಿರುದ್ಧ ನಿಲ್ಲೋದು ಅಷ್ಟು ಸುಲಭ ಅಲ್ಲ, ಮಾರ್ಕ್ಸ್ ಕಾಯ್ತಿದ್ದ ಒಗ್ಗಟ್ಟು ಇಲ್ಲಿ ಯಾಕ ಬರಂಗಿಲ್ಲ ಅನ್ನೋದಕ್ಕ ಕಾರಣ ಇದು ಅಂದ್ರು. ಆಮ್ಯಾಲ ಮರಕುಂಬಿ ಎತ್ತಿದ್ರು. ಗಂಗಾವತಿ ತಾಲೂಕಿನ ಆ ಊರಾಗ 2014ರ ಆಗಸ್ಟ್‌ನ್ಯಾಗ ದಲಿತರ ಮನಿಗಳಿಗೆ ಬೆಂಕಿ ಹಚ್ಚಿದ್ರು, ಹತ್ತು ವರ್ಷ ಆದ ಮ್ಯಾಲ 2024ರ ಅಕ್ಟೋಬರ್‌ದಾಗ ಕೊಪ್ಪಳ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಡ್ತು. ಆ ಊರಿನ ಜಗಳದ ಹಿಂದ ಇದ್ದದ್ದು ಕ್ಷೌರದ ಅಂಗಡಿ ಒಳಗ, ಹೋಟೆಲ್ ಒಳಗ ಬಿಡೋ ವಿಚಾರ. ಕೂಲಿ ರೇಟ್ ಅಲ್ಲ, ಹೊಲ ಅಲ್ಲ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ವರ್ಗದ ಜೊತಿಗೆ ಅಂತಸ್ತು (ಮರ್ಯಾದಿ), ಪಕ್ಷ (ಅಧಿಕಾರಕ್ಕ ಕೂಡಿದ ಗುಂಪು) ಅಂತ ಇನ್ನೆರಡು ಯಾಕ ಇಟ್ಟ ಅಂತ ಆಗ ತಿಳೀತು, ರೊಕ್ಕಕ್ಕ ಅಲ್ಲದ ಮರ್ಯಾದಿಗೂ ಮನುಷ್ಯರು ಬಡಿದಾಡ್ತಾರ. ಮೇಡಂ ಇದನ್ನ ಹೇಳೋವಾಗ ಹಾಲಿನ್ಯಾಗ ಫ್ಯಾನಿನ ಸಪ್ಪಳ ಬಿಟ್ರ ಬ್ಯಾರೆ ಏನೂ ಕೇಳ್ತಿದ್ದಿಲ್ಲ.

ಹೆಣ್ಣುಮಕ್ಕಳ ವಿಚಾರ ಮಾತ್ರ ಇಡೀ ಯೂನಿಟ್‌ನ್ಯಾಗ ಎಲ್ಲೂ ಬರಲಿಲ್ಲ, ಸ್ತ್ರೀವಾದ ಬ್ಯಾರೆ ಯೂನಿಟ್ ಅಂದ್ರು. ಮಾರ್ಕ್ಸ್‌ನ ಜೊತಿಗಾರ ಎಂಗೆಲ್ಸ್ 1884ರಾಗನ ಕುಟುಂಬದ ಹುಟ್ಟಿನ ಬಗ್ಗೆ ಬರದಾನ, ಅದರ ಒಂದು ಸಾಲಾದ್ರೂ ಬೇಕಿತ್ತು. ನಾಟಿ ಹಚ್ಚೋ ಹೆಂಗಸರು, ಅವರ ಕೂಲಿ, ಮನಿಗೆ ಬಂದ ಮ್ಯಾಲಿನ ಕೆಲಸ, ಇದೆಲ್ಲಾ ವರ್ಗ ಅನ್ನೋ ಒಂದೇ ಮಾತಿನ್ಯಾಗ ಮುಚ್ಚಿ ಹೋಗ್ತದ, ಅದನ್ನ ಇದೇ ಯೂನಿಟ್‌ದಾಗ ಹೇಳಬೇಕು.

ಇನ್ನ ಟೆಸ್ಟ್ ಸೀರೀಸ್. ಇದು ಸುಧಾರಿಸಲೇಬೇಕು. ಕೋಸರ್ ಪುಸ್ತಕದ ಪ್ರಶ್ನಿಗೆ ಕೀ ಉತ್ತರದಾಗ ಡಹ್ರೆನ್‌ಡಾರ್ಫ್ ಅಂತ ಕೊಟ್ಟಿದ್ರು, ನಾವು ಮೂರ್ನಾಲ್ಕು ಮಂದಿ ವಾಟ್ಸಾಪ್ ಗ್ರೂಪಿನ್ಯಾಗ ಹಾಕಿದ್ವಿ, ನೋಡ್ತೀವಿ ಅಂದ್ರು, ಬ್ಯಾಚ್ ಮುಗಿಯತನಕ ತಿದ್ದಲಿಲ್ಲ. ದೇವದುರ್ಗದಿಂದ ಬಸ್ ಚಾರ್ಜ್ ಕೊಟ್ಟು ಬಂದ ಹುಡುಗಿ ಆ ತಪ್ಪು ಉತ್ತರನ ಬಾಯಿಪಾಠ ಮಾಡಿ ಪರೀಕ್ಷೆಗೆ ಹೋದ್ರ ಅದರ ಹೊಣೆ ಯಾರದು? ಕನ್ನಡದಾಗ ಓದೋ ಮಕ್ಕಳಿಗೆ ಒಳ್ಳೆ ಪುಸ್ತಕ ಮೊದಲೇ ಕಮ್ಮಿ, ಕೋಚಿಂಗ್ ನೋಟ್ಸೇ ಆಧಾರ, ಅದರಾಗ ತಪ್ಪಿದ್ರ ಬ್ಯಾರೆ ಕಡೆ ಸರಿ ನೋಡಿಕೊಳ್ಳೋ ದಾರಿ ಇಲ್ಲ. ನೋಟ್ಸ್ ಪ್ರಿಂಟ್ ಮಾತ್ರ ಚಂದ ಐತಿ, ಭಾಷೆ ಸರಳ, ಮಾರ್ಕ್ಸ್ ಮತ್ತ ವೆಬರ್ ಅಧ್ಯಾಯ ಇಟ್ಟುಕೊಳ್ಳೋ ಹಂಗ ಅದಾವ.

ಒಟ್ಟು ಬ್ಯಾಚಿಗೆ ಮೂರು ಸ್ಟಾರ್ ಕೊಡ್ತೀನಿ. ಸೇರೋ ಮೊದಲು ಒಂದು ಡೆಮೊ ಕ್ಲಾಸಿಗೆ ಹೋಗ್ರಿ, ಕೇಳಿದ್ರ ಫ್ರೀ ಕುಂದ್ರಿಸ್ತಾರ. ಥಿಯರಿ ಯೂನಿಟ್ ಪೂರ್ತಿ ಯಾರು ತಗೊಳ್ತಾರ ಅಂತ ಬರದು ಕೊಡ್ರಿ ಅಂತ ಕೇಳ್ರಿ, ನಡುವ ಮಾಸ್ತರು ಬದಲಾದ್ರ ಫೀಸ್ ಏನು ಮಾಡ್ತೀರಿ ಅಂತನೂ ಕೇಳ್ರಿ. ಫೀಸ್ ಒಮ್ಮೆಲೇ ಕಟ್ಟಬ್ಯಾಡ್ರಿ, ಎರಡು ಕಂತು ಮಾಡಿಕೊಡ್ತಾರ, ಕೌಂಟರಿನ್ಯಾಗ ತಾವಾಗಿ ಹೇಳಂಗಿಲ್ಲ. ಲಿಂಗಸುಗೂರು ಕಡೆಯೋರು ಆಯಿತವಾರ ಸಂಜೆ ಕೊನೆ ತಾಸು ಬಿಟ್ಟು ಹೋಗಬೇಕಾಗ್ತದ ಬಸ್ಸಿಗೆ, ಆ ತಾಸಿನ್ಯಾಗನ ಪ್ರಶ್ನಿ ಉತ್ತರ ಇಟ್ಟಾರ, ಟೈಮ್ ಬದಲಿ ಮಾಡ್ರಿ ಅಂತ ನಾವು ಬರದು ಕೊಟ್ಟೀವಿ, ಹೊಸ ಬ್ಯಾಚಿನೋರೂ ಕೇಳ್ರಿ. ಸಿರವಾರದ ಆ ತಂಗಿ ಕೇಳಿದಂಥ ಪ್ರಶ್ನಿ ನಿಮ್ಮ ಹತ್ರ ಇದ್ರ ಮಾರ್ಕ್ಸ್ ಹೇಳಿದ ಸರ್ ಬಂದ ದಿನ ಕೇಳ್ರಿ, ಅವರು ಕ್ಲಾಸ್ ಮುಗಿದ ಮ್ಯಾಲೂ ಕೆಳಗ ಚಾ ಅಂಗಡಿ ಹತ್ರ ನಿಂತು ಮಾತಾಡ್ತಾರ.